ಸಾಮ್ರಾಜ್ಯದ ಮಾನ ಕಾಯ್ದ ನಲ್ಲಿ ಪೈಪು

ಬ್ರಿಟಿಷರ ಬಗ್ಗೆ ಯಾರು ಏನೇ ಹೇಳಲಿ, ಕೊಲ್ಲುವುದರಲ್ಲೂ ಒಂದು ಮರ್ಯಾದೆ ಇಟ್ಟುಕೊಂಡಿದ್ದ ಜನ. ಶತ್ರುವನ್ನು ಹೊಡೆಯಬೇಕು, ಸರಿ. ಹೇಗೆ ಹೊಡೆಯಬೇಕು? ದೂರದಲ್ಲಿ ಮಲಗಿ, ಉಸಿರು ಬಿಗಿಹಿಡಿದು, ಗುರಿಯಿಟ್ಟು, ಎಣ್ಣೆ ಹಚ್ಚಿ ಉಜ್ಜಿದ ಮರದ ಹಿಡಿಯ ಲೀ-ಎನ್‌ಫೀಲ್ಡ್ ರೈಫಲಿನಿಂದ ಒಂದು ಸಲಕ್ಕೆ ಒಂದೇ ಗುಂಡು. ಸೊಂಟದ ಹತ್ತಿರ ಹಿಡಿದುಕೊಂಡು ಬಡಬಡ ಸುರಿಸುವುದೆಲ್ಲ ಕುಲೀನರ ಕೆಲಸವೇ? ಅಂಥ ಜನ ಕೊನೆಗೆ ಸ್ಟೆನ್ ಎಂಬ ಪೈಪಿನ ಬಂದೂಕು ಹಿಡಿದ ಕತೆ ಇದು.

ಹಾಗಂತ ಸುರಿಸುವ ಬಂದೂಕಿನ ಪರಿಚಯ ಇರಲಿಲ್ಲವೆಂದಲ್ಲ. 1918ರಲ್ಲಿ ಜರ್ಮನರು ಎಂಪಿ 18 ಎಂಬ ಅಂಥ ಬಂದೂಕು ಹಿಡಿದು ಕಂದಕಗಳಿಗೆ ನುಗ್ಗಿದಾಗ ಅದರ ರುಚಿ ಚೆನ್ನಾಗಿಯೇ ಹತ್ತಿತ್ತು. ಯುದ್ಧ ಗೆದ್ದ ಮೇಲೆ ವರ್ಸೇಲ್ಸ್ ಒಪ್ಪಂದದಲ್ಲಿ ಜರ್ಮನಿಯ ಆಯುಧಗಳಿಗೆಲ್ಲ ಲಗಾಮು ಹಾಕಿದರು. ಹಾಕಿ ಮುಗಿಸಿ ಲಂಡನ್ನಿನ ಯುದ್ಧ ಇಲಾಖೆಯ ಸಾಹೇಬರು ನೆಮ್ಮದಿಯಿಂದ ಚಹಾ ಕುಡಿಯಲು ಎದ್ದುಹೋದರು. ನಡುವೆ ಅಮೆರಿಕದಲ್ಲಿ ಥಾಂಪ್ಸನ್ ಎಂಬ ಬಂದೂಕು ಬಂತು. ಶಿಕಾಗೊದ ಕಳ್ಳಭಟ್ಟಿ ದೊರೆಗಳು ಅದನ್ನು ಹಿಡಿದು ಒಬ್ಬರನ್ನೊಬ್ಬರು ಕೊಂದುಕೊಂಡರು. ಸಾಹೇಬರಿಗೆ ಅಷ್ಟು ಸಾಕಾಯಿತು. ಇದು ಗ್ಯಾಂಗ್‌ಸ್ಟರ್‌ಗಳ ಆಯುಧ, ಘನ ಚಕ್ರವರ್ತಿಗಳ ಸೈನ್ಯಕ್ಕೆ ತಕ್ಕುದಲ್ಲ ಎಂದು ಮೂಗು ಮುರಿದರು. ಎರಡು ದಶಕ ಆ ಮೂಗು ಮುರಿದೇ ಇತ್ತು.

1939ರ ಸೆಪ್ಟೆಂಬರಿನಲ್ಲಿ ಯುದ್ಧ ಘೋಷಣೆಯಾದಾಗ ಜರ್ಮನರ ಕೈಯಲ್ಲಿ ಅಂಥದೇ ಎಂಪಿ 38 ಇತ್ತು. ಬ್ರಿಟಿಷರ ಕೈಯಲ್ಲಿ ಮರ್ಯಾದೆ ಇತ್ತು. ಯುದ್ಧಕಾಲೇ ಶಸ್ತ್ರಾಭ್ಯಾಸ ಎಂದು ನಾವು ನಗೆಯಾಡುತ್ತೇವಲ್ಲ, ಇಲ್ಲಿ ಅಭ್ಯಾಸದ ಮಾತು ಹಾಗಿರಲಿ, ಶಸ್ತ್ರದ ಹುಡುಕಾಟವೇ ಯುದ್ಧ ಶುರುವಾದ ಮೇಲೆ ಆರಂಭವಾಯಿತು. ಓಡಿದ್ದೆಲ್ಲಿಗೆ? ಅದೇ ಅಮೆರಿಕಕ್ಕೆ, ಅದೇ ಗ್ಯಾಂಗ್‌ಸ್ಟರ್ ಬಂದೂಕಿಗೆ. ಒಂದೊಂದಕ್ಕೆ ಹತ್ತಿರಹತ್ತಿರ 200 ಡಾಲರ್. ದುಡ್ಡು ಕೊಟ್ಟ ಮಾತ್ರಕ್ಕೆ ಕೈಗೆ ಬಂತೆಂದೂ ಅಲ್ಲ. ಅಟ್ಲಾಂಟಿಕ್ ದಾಟುವಾಗ ಜರ್ಮನ್ ಜಲಾಂತರ್ಗಾಮಿಗಳು ತಮ್ಮ ಪಾಲಿನ ಸುಂಕ ವಸೂಲಿ ಮಾಡಿಕೊಳ್ಳುತ್ತಿದ್ದವು.

1940ರ ಜುಲೈ 31ರಂದು ಹಾರ್ಟಲ್‌ಪೂಲ್ ಬಳಿ ಪ್ರಧಾನಿ ಚರ್ಚಿಲ್, ಬಾಯಲ್ಲಿ ಚುಟ್ಟಾ ಇಟ್ಟುಕೊಂಡು, ಪಟ್ಟೆ ಸೂಟಿನಲ್ಲಿ, ಥಾಂಪ್ಸನ್ ಎತ್ತಿ ಹಿಡಿದು ಫೋಟೋಗೆ ನಿಂತರು. ಜರ್ಮನರ ಪ್ರಚಾರ ಖಾತೆಗೆ ಇದಕ್ಕಿಂತ ಒಳ್ಳೆಯ ಉಡುಗೊರೆ ಬೇಕೆ? ಅದೇ ಫೋಟೋ ಹಾಕಿ, ಕೊಲೆಗೆ ಪ್ರಚೋದನೆ ನೀಡಿದ ಆರೋಪಿ ಬೇಕಾಗಿದ್ದಾನೆ ಎಂದು ಕರಪತ್ರ ಅಚ್ಚು ಹಾಕಿಸಿದರು. ಅವರು ಹೊಸದಾಗಿ ಏನನ್ನೂ ಕಟ್ಟಿ ಹೇಳಿರಲಿಲ್ಲ. ಲಂಡನ್ನಿನ ಇಲಾಖೆ ಇಪ್ಪತ್ತು ವರ್ಷ ಆಡಿಕೊಂಡು ಬಂದಿದ್ದನ್ನೇ ಫೋಟೋ ಸಮೇತ ವಾಪಸ್ ಕಳಿಸಿದ್ದರು.

ಅಷ್ಟರಲ್ಲಿ ಫ್ರಾನ್ಸಿನ ಕಡಲತೀರದ ಡಂಕರ್ಕ್‌ನಿಂದ ಸೈನ್ಯ ಹಿಂದೆ ಸರಿದಾಗಿತ್ತು. 3,38,000ಕ್ಕೂ ಹೆಚ್ಚು ಸೈನಿಕರು ಹೇಗೋ ಜೀವ ಉಳಿಸಿಕೊಂಡು ಕಡಲ್ಗಾಲುವೆ ದಾಟಿದರು. ಫಿರಂಗಿ, ಲಾರಿ, ಮದ್ದುಗುಂಡುಗಳ ದೊಡ್ಡ ಪಾಲು ಫ್ರಾನ್ಸಿನಲ್ಲೇ ಉಳಿಯಿತು. ಇಂದೋ ನಾಳೆಯೋ ಹಿಟ್ಲರ್ ಬರುತ್ತಾನೆ ಎಂದು ಊರೂರಲ್ಲಿ ಗೃಹರಕ್ಷಕ ಪಡೆ ಕಟ್ಟಿದರು. ಅವರ ಕೈಗೆ ಕೊಡುವುದೇನು? ಏನೂ ಇಲ್ಲದಿದ್ದರೆ ಈಟಿ, ಗದೆಯಾದರೂ ಸರಿ, ಪ್ರತಿಯೊಬ್ಬನ ಕೈಯಲ್ಲೂ ಒಂದು ಆಯುಧ ಇರಲಿ ಎಂಬರ್ಥದಲ್ಲಿ ಚರ್ಚಿಲ್ 1941ರ ಜೂನಿನಲ್ಲಿ ಇಲಾಖೆಗೆ ಕಾಗದ ಬರೆದರು. ಮಾತಿನ ಭರದಲ್ಲಿ ಬರೆದದ್ದಿರಬೇಕು. ಸರ್ಕಾರಿ ಕಚೇರಿಗೆ ಮಾತಿನ ಭರ ಗೊತ್ತಾಗುತ್ತದೆಯೇ? ಕಡತ ತೆರೆದರು, ನಂಬರ್ ಹಾಕಿದರು, ಎರಡೂವರೆ ಲಕ್ಷ ಉಕ್ಕಿನ ಪೈಪಿಗೆ ಆರ್ಡರ್ ಕೊಟ್ಟರು. ಪೈಪಿನ ತುದಿಗೆ ಹಳೆಯ ಬಯೊನೆಟ್, ಅಂದರೆ ಬಂದೂಕಿನ ಮೂತಿಗೆ ಸಿಗಿಸುವ ಚೂರಿ, ಸೇರಿಸಿ ಬೆಸುಗೆ ಹಾಕಿದರು. ಈಟಿ ಸಿದ್ಧ. ಟ್ಯಾಂಕು, ಬಾಂಬರ್ ವಿಮಾನಗಳ ಯುದ್ಧದಲ್ಲಿ ಈಟಿ! ಗೃಹರಕ್ಷಕರು ಕೆಂಡವಾದರು. ಪಾರ್ಲಿಮೆಂಟಿನಲ್ಲಿ ಗದ್ದಲವೆದ್ದಿತು. ಇಲಾಖೆಯ ಉಪಮಂತ್ರಿ ಲಾರ್ಡ್ ಕ್ರಾಫ್ಟ್ ಎದ್ದು ನಿಂತು ಈಟಿಯ ಗುಣಗಾನ ಮಾಡಬೇಕಾಯಿತು. ಜನ ಅದಕ್ಕೆ ಅವರದೇ ಹೆಸರಿಟ್ಟು ಸೇಡು ತೀರಿಸಿಕೊಂಡರು. ಈಟಿಗಳಲ್ಲಿ ಹೆಚ್ಚಿನವು ಗೋದಾಮಿನ ಮೂಲೆ ಬಿಟ್ಟು ಕದಲಲೇ ಇಲ್ಲ.

ತಮಾಷೆ ಇರುವುದು ಇಲ್ಲಿ. ಈಟಿಗೆಂದು ಪೈಪು ಖರೀದಿಯಾದ ಆ 1941ರಲ್ಲೇ, ಅದೇ ಸರ್ಕಾರದ ಇನ್ನೊಂದು ಮೂಲೆಯಲ್ಲಿ ಇಬ್ಬರು ಅಂಥದೇ ಉಕ್ಕಿನ ಪೈಪಿನಿಂದ ಮೆಷಿನ್‌ಗನ್ ಮಾಡಿ ಇಟ್ಟಿದ್ದರು. ಎಡಗೈ ಈಟಿ ಮಾಡುತ್ತಿತ್ತು, ಬಲಗೈ ಸ್ಟೆನ್.

ಆ ಇಬ್ಬರು ಮೇಜರ್ ರೆಜಿನಾಲ್ಡ್ ಶೆಫರ್ಡ್ ಮತ್ತು ವಿನ್ಯಾಸಕಾರ ಹೆರಾಲ್ಡ್ ಟರ್ಪಿನ್. ಇಬ್ಬರ ಅಡ್ಡಹೆಸರಿನ ಮೊದಲಕ್ಷರಗಳಾದ ಎಸ್, ಟಿಗೆ ಎನ್‌ಫೀಲ್ಡ್ ಕಾರ್ಖಾನೆಯ ‘ಎನ್’ ಬಾಲ ಸೇರಿ ಸ್ಟೆನ್ ಆಯಿತು. ಅದಕ್ಕೆ ಮೊದಲು ಮರ್ಯಾದಸ್ಥರ ಪ್ರಯತ್ನ ಒಂದು ನಡೆದಿತ್ತು, ಲ್ಯಾಂಚೆಸ್ಟರ್ ಅಂತ. ಜರ್ಮನರ ಎಂಪಿ 28ರ ನಿಷ್ಠಾವಂತ ನಕಲು. ನಕಲಾದರೇನು, ಅಂದಕ್ಕೆ ಕೊರತೆಯಿಲ್ಲ: ರೈಫಲಿನಂಥ ಮರದ ಹಿಡಿ, ತೋಟಾ ತುಂಬುವ ಡಬ್ಬಿ ಅಂದರೆ ಮ್ಯಾಗಜೀನ್ ಕೂರುವ ಜಾಗಕ್ಕೆ ಹೊಳೆಯುವ ಹಿತ್ತಾಳೆ, ಮೂತಿಗೆ ಉದ್ದನೆಯ ಬಯೊನೆಟ್ ಸಿಗಿಸುವ ಕೊಂಡಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು. ಹಿತ್ತಾಳೆ ತಿಕ್ಕಿ ಹೊಳೆಸುವ ಅಭ್ಯಾಸವಿದ್ದ ನೌಕಾಪಡೆ ಅದನ್ನು ಸಂತೋಷದಿಂದ ಇಟ್ಟುಕೊಂಡಿತು.

ಸ್ಟೆನ್ ನೋಡಲು ಹೇಗಿತ್ತು? ಎಲ್ಲರಿಗೂ ಗೊತ್ತಿರುವುದು ಮಾರ್ಕ್ 2, ಅಂದರೆ ಎರಡನೇ ಮಾದರಿ. ಒಂದು ಪೈಪು. ಅದರೊಳಗೆ ಒಂದು ಉಕ್ಕಿನ ಗಟ್ಟಿ, ಅದೇ ಬೋಲ್ಟ್. ಅದರ ಹಿಂದೆ ಒಂದು ಸ್ಪ್ರಿಂಗು. ಮುಂದುಗಡೆ ಒಂದು ಗೇಣಿಗಿಂತ ಕಡಿಮೆ ಉದ್ದದ ನಳಿಕೆ, 196 ಮಿಲಿಮೀಟರ್. ಹಿಂದುಗಡೆ ಹೆಗಲಿಗೆ ಆನಿಸಲು ಇನ್ನೊಂದು ಪೈಪು ಅಥವಾ ಬಗ್ಗಿಸಿದ ಕಂಬಿ. ಟ್ರಿಗರ್ ಒತ್ತಿದರೆ ಬೋಲ್ಟ್ ಮುಂದೆ ನುಗ್ಗುತ್ತದೆ, ದಾರಿಯಲ್ಲಿ ಮ್ಯಾಗಜೀನಿನಿಂದ ಒಂದು ತೋಟಾ ತಳ್ಳಿಕೊಂಡು ಹೋಗಿ ನಳಿಕೆಗೆ ತುರುಕುತ್ತದೆ, ಬೋಲ್ಟಿನ ಮುಖದ ಮೇಲಿನ ಮೊಳೆ ತೋಟಾದ ಬೆನ್ನಿಗೆ ಕುಟ್ಟುತ್ತದೆ, ಗುಂಡು ಮುಂದಕ್ಕೆ ಹಾರುತ್ತದೆ, ಬೋಲ್ಟ್ ಹಿಂದಕ್ಕೆ ಬರುತ್ತದೆ. ಬೆರಳು ತೆಗೆಯುವ ತನಕ ಇದೇ ಕೆಲಸ, ನಿಮಿಷಕ್ಕೆ 500ಕ್ಕೂ ಹೆಚ್ಚು ಸಲದ ವೇಗದಲ್ಲಿ. ಬೆಸುಗೆಯ ಗುರುತನ್ನು ಅರದಲ್ಲಿ ಉಜ್ಜುವ ಗೋಜಿಗೂ ಯಾರೂ ಹೋಗಲಿಲ್ಲ. ಬೆಲೆ ಎರಡೂವರೆ ಪೌಂಡಿನ ಆಸುಪಾಸು. ಒಂದು ಥಾಂಪ್ಸನ್ನಿನ ದುಡ್ಡಿಗೆ ಒಂದು ತುಕಡಿಗೇ ಸ್ಟೆನ್ ಹಂಚಬಹುದಿತ್ತು.

ಮುಂದಿನ ಮಾರ್ಕ್ 3 ಇನ್ನೂ ಸರಳ. ಅದನ್ನು ತಯಾರಿಸಿದ್ದು ಲೈನ್ಸ್ ಬ್ರದರ್ಸ್. ಅವರ ಕಸುಬು ಟ್ರೈ-ಆಂಗ್ ಹೆಸರಿನ ಮಕ್ಕಳ ಆಟಿಕೆ. ತಗಡು ಕತ್ತರಿಸಿ ಮಡಿಸಿ ಅಂಟಿಸುವುದರಲ್ಲಿ ಪಳಗಿದವರು. ರಾಜಮನೆತನದ ಮುದ್ರೆ ಹೊತ್ತ ಹಳೆಯ ಬಂದೂಕು ಕಂಪನಿಗಳಿದ್ದ ದೇಶದಲ್ಲಿ ಆಟಿಕೆ ಅಂಗಡಿಯವರು ಸೈನ್ಯವನ್ನು ಸಾಕಿದರು. ಎಲ್ಲ ಮಾದರಿ ಸೇರಿ ಸುಮಾರು 40 ಲಕ್ಷ ಸ್ಟೆನ್‌ಗಳು ಹುಟ್ಟಿದವು. ಸಿಪಾಯಿಗಳು ಪ್ರೀತಿಯಿಂದ ಹೆಸರಿಟ್ಟರು: ಗಬ್ಬು ಗನ್ನು, ಪ್ಲಂಬರನ ದುಃಸ್ವಪ್ನ, ವುಲ್‌ವರ್ತ್ ಸ್ಪೆಶಲ್. ವುಲ್‌ವರ್ತ್ ಅಂದರೆ ಎಲ್ಲವೂ ಆರು ಪೆನ್ಸ್‌ನೊಳಗೆ ಸಿಗುತ್ತಿದ್ದ ಅಂಗಡಿ.

ಇಷ್ಟರ ತನಕ ನನಗೆ ತಕರಾರಿಲ್ಲ, ಮೆಚ್ಚುಗೆಯೇ ಇದೆ. ಗತಿಗೆಟ್ಟಾಗ ಬುದ್ಧಿ ಬಂತು, ಬರಲಿ. ನನ್ನ ತಕರಾರು ಬಂದೂಕಿನ ಜತೆ ಕೊಟ್ಟ ಉಪದೇಶಗಳ ಬಗ್ಗೆ. ಬಂದೂಕಿನಿಂದ ಕಿತ್ತು ಹಾಕಿದ ಕಷ್ಟವೆಲ್ಲ ಎಲ್ಲಿಗೆ ಹೋಯಿತು ಅಂದುಕೊಂಡಿರಿ? ಒಂದೂ ಬಿಡದೆ ಸಿಪಾಯಿಯ ತಲೆಗೆ ಹೋಯಿತು.

ಮ್ಯಾಗಜೀನ್ ನೋಡಿ. ಅದು ಎಡಪಕ್ಕಕ್ಕೆ ಚಾಚಿಕೊಂಡಿರುತ್ತದೆ. ನೋಡಿದ ಕೂಡಲೇ ಯಾವ ಮನುಷ್ಯನಿಗಾದರೂ ಅನಿಸುವುದು ಇದು ಎಡಗೈಯಲ್ಲಿ ಹಿಡಿಯಲು ಇಟ್ಟ ಹಿಡಿ ಎಂದು. ಉಪದೇಶ ಒಂದು: ಅದನ್ನು ಹಿಡಿಯಕೂಡದು. ಹಿಡಿದು ಎಳೆದಾಡಿದರೆ ತೋಟಾ ಸಾಗುವ ಕೋನ ತಪ್ಪಿ ಬಂದೂಕು ಕಚ್ಚಿಕೊಳ್ಳುತ್ತದೆ. ಹಾಗಾದರೆ ಎಲ್ಲಿ ಹಿಡಿಯಬೇಕು? ಮುಂದೆ, ನಳಿಕೆಯ ಕವಚವನ್ನು. ಅದು ಬಿಸಿಯಾಗುತ್ತದೆ. ಬಿಸಿಯಾಯಿತೆಂದು ಕೈ ಸ್ವಲ್ಪ ಹಿಂದೆ ಸರಿಸಿದಿರೋ, ಖಾಲಿ ತೋಟಾ ಹೊರಬೀಳುವ ಕಿಂಡಿ ಅಲ್ಲೇ ಕಾದಿರುತ್ತದೆ. ಬೆರಳು ಒಳಗೆ ಹೋದರೆ ಬೋಲ್ಟ್ ಅದನ್ನೂ ತೋಟಾವೆಂದೇ ಭಾವಿಸುತ್ತದೆ. ಉಪದೇಶ ಎರಡು: ಬೆರಳು ಜೋಪಾನ. ಮಾರ್ಕ್ 3ರಲ್ಲಿ ಕಿಂಡಿಯ ಮುಂದೆ ಒಂದು ಚೂರು ತಗಡು ಬೆಸೆದು ಬೆರಳಿಗೆ ಅಡ್ಡಗಟ್ಟೆ ಕಟ್ಟಿದರು. ಆ ತಗಡಿನ ಹಿಂದೆ ಎಷ್ಟು ಕಿರುಬೆರಳುಗಳ ಅರ್ಜಿ ಇದ್ದವೋ.

ಮ್ಯಾಗಜೀನಿನ ಒಳಗಿನ ಕತೆ ಇನ್ನೂ ಸೊಗಸು. 32 ತೋಟಾ ಹಿಡಿಸುವ ಡಬ್ಬಿ. ಒಳಗೆ ಎರಡು ಸಾಲು, ಮೇಲೆ ಬಾಯಿ ಮಾತ್ರ ಒಂದು. ಸಿನಿಮಾ ಟಿಕೆಟ್ಟಿಗೆ ಎರಡು ಕ್ಯೂ ನಿಲ್ಲಿಸಿ ಒಂದೇ ಕಿಂಡಿ ತೆರೆದ ಹಾಗೆ, ತಲೆಗೆ ತಲೆ ಢಿಕ್ಕಿ. ಒಂದಿಷ್ಟು ಧೂಳು ಬಿದ್ದರೆ, ಡಬ್ಬಿಯ ತುಟಿ ಕೂದಲೆಳೆಯಷ್ಟು ಬಾಗಿದರೆ ಮುಗಿಯಿತು. ಈ ವಿನ್ಯಾಸ ಜರ್ಮನರಿಂದ ಎತ್ತಿದ್ದು. ಶತ್ರುವಿನ ಮನೆಯಿಂದ ಕದಿಯಲು ಹೋದವರು ಅಲ್ಲಿದ್ದ ಒಂದೇ ಒಂದು ಕೆಟ್ಟ ಪಾತ್ರೆಯನ್ನು ಹೊತ್ತು ತಂದಿದ್ದರು. ಅದನ್ನು ಸರಿ ಮಾಡಿದರೇ? ಉಪದೇಶ ಮೂರು: 32ರ ಬದಲು 30 ತುಂಬಿಸಿ. ಅನುಭವಸ್ಥರು ಇನ್ನೂ ಒಂದೆರಡು ಕಡಿಮೆಯನ್ನೇ ತುಂಬುತ್ತಿದ್ದರು.

ಉಪದೇಶ ನಾಲ್ಕು: ಬೀಳಿಸಬೇಡಿ. ಮ್ಯಾಗಜೀನ್ ಹಾಕಿದ ಸ್ಟೆನ್ ಹಿಂಬದಿಯಿಂದ ನೆಲಕ್ಕೆ ಕುಕ್ಕಿದರೆ ಭಾರದ ಬೋಲ್ಟ್ ತಾನಾಗಿಯೇ ಹಿಂದೆ ಜಿಗಿದು, ಮುಂದೆ ಬರುವಾಗ ಒಂದು ತೋಟಾ ಎತ್ತಿಕೊಂಡು ಢಮಾರ್ ಎನ್ನಿಸುತ್ತದೆ. ಟ್ರಿಗರಿಗೆ ಅದರಲ್ಲಿ ಯಾವ ಪಾತ್ರವೂ ಇಲ್ಲ. ಲಾರಿಯಿಂದ ಧುಮುಕುವವನು, ಗೋಡೆ ಹತ್ತುವವನು, ಕತ್ತಲಲ್ಲಿ ಎಡವುವವನು, ಅಂದರೆ ಯುದ್ಧದಲ್ಲಿ ಯುದ್ಧ ಮಾಡುವ ಯಾವನೂ, ಬೀಳಿಸಬಾರದು. ಆಮೇಲೆ ಬೋಲ್ಟ್ ಎಳೆಯುವ ಹಿಡಿಕೆಯನ್ನು ಒಳಕ್ಕೆ ಒತ್ತಿ ಅದು ಕದಲದಂತೆ ಮಾಡುವ ಒಂದು ತೂತು ಕೊರೆದರು. ಒಂದು ತೂತು, ಸ್ವಾಮಿ. ಎರಡೂವರೆ ಪೌಂಡಿನ ಲೆಕ್ಕದಲ್ಲಿ ಅದು ಮೊದಲೇ ಯಾರಿಗೂ ಹೊಳೆಯಲಿಲ್ಲ.

ಈ ಉಳಿತಾಯಕ್ಕೆ ದೊಡ್ಡ ಪರೀಕ್ಷೆ ಬಂದಿದ್ದು ಪ್ರಾಗ್‌ನಲ್ಲಿ, 1942ರ ಮೇ 27ರಂದು. ನಾಜಿ ಅಧಿಕಾರಿ ಹೈಡ್ರಿಕ್‌ನ ತೆರೆದ ಕಾರು ರಸ್ತೆಯ ತಿರುವಿನಲ್ಲಿ ನಿಧಾನಿಸಿತು. ಬ್ರಿಟನ್ನಿನಲ್ಲಿ ತರಬೇತಾಗಿ ಪ್ಯಾರಾಚೂಟಿನಲ್ಲಿ ಇಳಿದು ತಿಂಗಳುಗಟ್ಟಲೆ ಅಡಗಿದ್ದ ಯೋಸೆಫ್ ಗಾಬ್ಚಿಕ್ ಕಾರಿನ ಎದುರಿಗೇ ನಿಂತು ಸ್ಟೆನ್ ಎತ್ತಿ ಟ್ರಿಗರ್ ಒತ್ತಿದ. ಏನೂ ಆಗಲಿಲ್ಲ. ಕೈಯಳತೆಯಲ್ಲಿ ಶತ್ರು, ಕೈಯಲ್ಲಿ ಮುಷ್ಕರ ಹೂಡಿದ ಪೈಪು. ಹೈಡ್ರಿಕ್ ಕಾರು ನಿಲ್ಲಿಸಿ ತಾನೇ ಪಿಸ್ತೂಲು ಹಿರಿದ. ಜತೆಗಾರ ಯಾನ್ ಕುಬಿಶ್ ಎಸೆದ ಬಾಂಬು ಕೆಲಸ ಮಾಡಿತು. ಹೈಡ್ರಿಕ್ ಜೂನ್ 4ಕ್ಕೆ ಸತ್ತ. ಕೆಡಲು ಸ್ಟೆನ್ ಆರಿಸಿಕೊಂಡ ಮುಹೂರ್ತ ಮಾತ್ರ ಯಾವ ಉಪದೇಶದಲ್ಲೂ ಇರಲಿಲ್ಲ.

ಇದೇ ಸ್ಟೆನ್ ಡೆನ್ಮಾರ್ಕಿನಲ್ಲೂ ಪೋಲೆಂಡಿನಲ್ಲೂ ಭೂಗತ ಹೋರಾಟಗಾರರ ಗುಟ್ಟಿನ ವರ್ಕ್‌ಶಾಪುಗಳಲ್ಲಿ ತಯಾರಾಯಿತು ಎಂಬುದನ್ನೂ ಹೇಳಬೇಕು. ಬಂದೂಕು ಕಂಡೇ ಇರದ ಮೆಕ್ಯಾನಿಕ್ ಕೂಡ ಮಾಡಬಹುದಾದಷ್ಟು ಸರಳ ಎಂಬ ಮಾತು ಅಲ್ಲಿ ನಿಜವಾಯಿತು. ವಾರ್ಸಾದವರು ಒಂದು ಹೆಜ್ಜೆ ಮುಂದೆ ಹೋಗಿ, ಸ್ಟೆನ್ನಿನ ಒಳಗನ್ನೂ ಜರ್ಮನ್ ಬಂದೂಕಿನ ಹೊರಗನ್ನೂ ಬೆರೆಸಿ, ಬೆಸುಗೆ ಬಿಟ್ಟು ಸ್ಕ್ರೂಗಳಲ್ಲೇ ಜೋಡಿಸುವ ತಮ್ಮದೇ ಬ್ಲಿಸ್ಕಾವಿತ್ಸಾ ಬಂದೂಕು ಕಟ್ಟಿದರು. ಇಲಾಖೆ, ಕಡತ, ಉಪಮಂತ್ರಿ ಯಾವುದೂ ಇಲ್ಲದ್ದರಿಂದ ಕೆಲಸ ಬೇಗ ಮುಗಿಯಿತು.

ಜರ್ಮನರೇನು ಕಡಿಮೆಯೇ? ಸ್ಟೆನ್ ಕಂಡು ನಕ್ಕವರು ಅವರು. 1944ರ ಕೊನೆಗೆ ಅವರಿಗೂ ಗತಿಗೆಟ್ಟಿತು. ಜಗತ್ಪ್ರಸಿದ್ಧ ಮೌಸರ್ ಕಾರ್ಖಾನೆಗೆ ಗುಟ್ಟಾಗಿ ಆಜ್ಞೆ ಹೋಯಿತು: ಸ್ಟೆನ್ನಿನ ನಕಲು ಮಾಡಿ. ಮೌಸರ್ ಎಂಜಿನಿಯರುಗಳು ಅದೆಷ್ಟು ಶ್ರದ್ಧೆಯಿಂದ ನಕಲು ಮಾಡಿದರೆಂದರೆ ಬ್ರಿಟಿಷ್ ಮುದ್ರೆಗಳನ್ನೂ ಬಿಡದೆ ಒತ್ತಿದರು. ಜರ್ಮನಿಯಿಂದ ಬ್ರಿಟನ್ ಕದ್ದ ಮ್ಯಾಗಜೀನ್ ಹೀಗೆ ಬ್ರಿಟಿಷ್ ಅಂಕಿತ ಹೊತ್ತು ತವರಿಗೆ ಬಂತು. 1945ರಲ್ಲಿ ಎಂಪಿ 3008 ಎಂದು ಇನ್ನೊಂದು ಅಗ್ಗದ ಆವೃತ್ತಿ ಬಂದಾಗ ಮಾಡಿದ ಮಹಾ ಸುಧಾರಣೆ, ಮ್ಯಾಗಜೀನನ್ನು ಪಕ್ಕದಿಂದ ತೆಗೆದು ಕೆಳಕ್ಕೆ ಜೋಡಿಸಿದ್ದು.

ಅತ್ತ ಲಂಡನ್ನಿನಲ್ಲಿ ಗೆಲುವು ಹತ್ತಿರವಾದಂತೆ ಮರ್ಯಾದೆ ಮರಳತೊಡಗಿತು. 1944ರ ಮಾರ್ಕ್ 5 ಸ್ಟೆನ್ನಿಗೆ ಹೆಗಲಿಗೆ ಆನಿಸುವ ಮರದ ಹಿಡಿ ಬಂತು, ಮರದ ಕೈಹಿಡಿ ಬಂತು, ಬಯೊನೆಟ್ ಸಿಗಿಸುವ ವ್ಯವಸ್ಥೆ ಬಂತು. ಮ್ಯಾಗಜೀನ್? ಅದೇ. ಪೈಪಿಗೆ ಪಂಚೆ ಉಡಿಸಲು ದುಡ್ಡಿತ್ತು, ಬಾಯಿ ರಿಪೇರಿಗೆ ಇರಲಿಲ್ಲ. ಇದೇ ಬಂದೂಕನ್ನು ಬ್ರಿಟಿಷರು ನಮ್ಮ ಸೈನ್ಯಕ್ಕೂ ಬಿಟ್ಟುಹೋದರು. 1948ರ ಫೆಬ್ರುವರಿ 6ರಂದು ಕಾಶ್ಮೀರದ ನೌಶೇರಾ ಬಳಿಯ ತೈನ್‌ಧಾರ್‌ನಲ್ಲಿ ನಾಯಕ್ ಜದುನಾಥ್ ಸಿಂಗ್, ಸಂಗಡಿಗರೆಲ್ಲ ಬಿದ್ದ ಮೇಲೆ, ಸ್ಟೆನ್ ಹಿಡಿದು ಒಬ್ಬರೇ ಶತ್ರುಗಳ ಮೇಲೆ ನುಗ್ಗಿ ಪ್ರಾಣ ಕೊಟ್ಟರು. ಪರಮವೀರ ಚಕ್ರ ಬಂತು. ಅಂಥವರ ಮುಂದೆ ಯಾವ ಬಂದೂಕಿನ ವಿಡಂಬನೆಯೂ ಬಾಯಿ ಮುಚ್ಚಬೇಕು.

ಆದರೆ ಇಲಾಖೆಯ ವಿಡಂಬನೆಗೆ ಆ ರಿಯಾಯಿತಿ ಇಲ್ಲ. ಜಾರ್ಜ್ ಪ್ಯಾಚೆಟ್ ಎಂಬ ಎಂಜಿನಿಯರ್, ಸ್ಟರ್ಲಿಂಗ್ ಕಂಪನಿಯವರು, ಯುದ್ಧ ನಡೆಯುತ್ತಿದ್ದಾಗಲೇ ಸ್ಟೆನ್‌ಗಿಂತ ಒಳ್ಳೆಯ ಬಂದೂಕು ಮಾಡಿ ತೋರಿಸಿದ್ದರು. ಆಮೇಲೆ ಅದಕ್ಕೆ ತನ್ನದೇ ಬಾಗಿದ ಮ್ಯಾಗಜೀನ್ ಬಂತು: 34 ತೋಟಾ, ಒಳಗೆ ಸಲೀಸಾಗಿ ತಳ್ಳಲು ಉರುಳೆಗಳು. 34 ಅಂದರೆ 34ನ್ನೂ ತುಂಬಬಹುದು. ಬಂದೂಕನ್ನು 1944ರಲ್ಲೇ ಪರೀಕ್ಷೆಗೆಂದು ತರಿಸಿಕೊಂಡಿದ್ದರು. ನಮ್ಮ ಪೊಲೀಸರ ಹೆಗಲ ಮೇಲೆ ಕಾಣುವ, ಕಾನ್ಪುರದಲ್ಲಿ ತಯಾರಾದ ಕಾರ್ಬೈನ್ ಅದೇ ವಂಶದ್ದು. ಮರಳಿನಲ್ಲಿ, ಕೆಸರಿನಲ್ಲಿ ಪರೀಕ್ಷೆ, ಮರುಪರೀಕ್ಷೆ, ಟಿಪ್ಪಣಿ, ಟಿಪ್ಪಣಿಗೆ ಷರಾ ಎಲ್ಲ ಮುಗಿದು ಬ್ರಿಟಿಷ್ ಸೈನ್ಯ ಅದನ್ನು ಅಧಿಕೃತವಾಗಿ ಸ್ವೀಕರಿಸಿದ್ದು 1953ರಲ್ಲಿ. ಪೈಪಿನ ಬಂದೂಕಿಗೆ ಒಪ್ಪಿಗೆ ಕೊಡಲು ತಿಂಗಳುಗಳು ಸಾಕಾಗಿದ್ದ ಇಲಾಖೆಗೆ, ಒಳ್ಳೆಯ ಬಂದೂಕನ್ನು ಒಪ್ಪಲು ಒಂಬತ್ತು ವರ್ಷ ಹಿಡಿಯಿತು. ಅವರನ್ನು ದೂರಿ ಪ್ರಯೋಜನವಿಲ್ಲ. ಕಡತಕ್ಕೆ ಸಹಿ ಬೀಳಬೇಕಾದರೆ ಕಡಲ್ಗಾಲುವೆಯ ಆಚೆ ದಡದಲ್ಲಿ ಹಿಟ್ಲರ್ ನಿಂತಿರಬೇಕಾಗಿತ್ತು, ಅವನೋ ಆಗಲೇ ಸತ್ತುಹೋಗಿದ್ದ.