ಡಬ್ಬಿ ಕೊಟ್ಟವನ ಹೆಸರೇನು?

ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ. ಬೈಯುವುದಿದ್ದರೆ ನಾಳೆ ಬೈಯಿರಿ.

ಬೆಳಗ್ಗೆ ಸೊಲ್ಲಾಪುರ ರಸ್ತೆಯಲ್ಲಿ ಹುಡುಗರ ಜೊತೆ ಸೈಕಲ್ ತುಳಿದು ಬಂದು ಚಹಾದಂಗಡಿ ಮುಂದೆ ನಿಂತಿದ್ದೆ. (ಮೊಣಕಾಲು ನೋವು ಇನ್ನೂ ಇದೆ. ಮನೆಯಲ್ಲಿ ಹೇಳಬೇಡಿ.) ಹತ್ತೊಂಬತ್ತರ ಹುಡುಗನೊಬ್ಬ ಬ್ಯಾಗಿನಿಂದ ಬಿಳಿ ಡಬ್ಬಿ ತೆಗೆದು ಪುಡಿಯನ್ನು ನೀರಿಗೆ ಕಲಸಿದ. ಡಬ್ಬಿಗೆ ಲೇಬಲ್ಲೇ ಇಲ್ಲ.

"ಏನೋ ಇದು?"

"ತಾಕತ್ತಿನ ಪುಡಿ ರೀ ಸರ. ಜಿಮ್ಮಿನ ಅಣ್ಣಾರು ಕೊಟ್ಟಾರ."

"ಒಳಗ ಏನೈತಿ?"

"ಅದು ಗೊತ್ತಿಲ್ರಿ."

ನಾಳೆ ಇವನು ದೊಡ್ಡ ರೇಸಿಗೆ ಹೋಗುತ್ತಾನೆ. ಆಟಗಾರರು ನಿಷೇಧಿತ ಮದ್ದು ತೆಗೆದುಕೊಂಡಿದ್ದಾರಾ ಅಂತ ತಪಾಸಣೆ ಮಾಡುವ ದಿಲ್ಲಿಯ ಸಂಸ್ಥೆ ನಾಡಾದವರು ಬಂದು ಪರೀಕ್ಷೆಗೆ ಮೂತ್ರ ಹಿಡಿಯುತ್ತಾರೆ. ಸ್ಟೆರಾಯ್ಡ್ ಸಿಕ್ಕರೆ ನಾಲ್ಕು ವರ್ಷ ಹೊರಗೆ. ಪೇಪರಿನಲ್ಲಿ ಇವನ ಹೆಸರು, ಇವನ ಊರು. ಅಣ್ಣಾರ ಹೆಸರು ಎಲ್ಲಿ?

2023ರಲ್ಲಿ ನಮ್ಮ ದೇಶದಲ್ಲಿ 5,606 ಸ್ಯಾಂಪಲ್ ಪರೀಕ್ಷಿಸಿದರು, 213ರಲ್ಲಿ ನಿಷೇಧಿತ ವಸ್ತು ಸಿಕ್ಕಿತು. ಆ 213ರ ಹಿಂದೆ ಪುಡಿ, ಸೂಜಿ, ಮಾತ್ರೆ ಕೊಟ್ಟ ಕೈಗಳು ಎಷ್ಟಿದ್ದವು? ಅದನ್ನು ಎಣಿಸುವ ಬಾಟಲಿ ಇನ್ನೂ ಯಾರೂ ಮಾಡಿಲ್ಲ.

ಅಮೆರಿಕದ ಸೈಕಲ್ ಸವಾರ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ ಕಥೆ ನಿಮಗೆಲ್ಲ ಗೊತ್ತು, ನಾನೇ ನೂರು ಸಲ ಹೇಳಿ ತಲೆ ತಿಂದಿದ್ದೇನೆ. ಸೈಕಲ್ಲಿನ ದೊಡ್ಡ ರೇಸು ಟೂರ್ ದ ಫ್ರಾನ್ಸ್ ಏಳು ಸಲ ಗೆದ್ದ, ನಿಷೇಧಿತ ಮದ್ದು ತೆಗೆದುಕೊಂಡದ್ದಕ್ಕೆ 2012ರಲ್ಲಿ ಏಳೂ ಹೋದವು. ನನಗೆ ಉರಿಯುವುದು ಅದಕ್ಕಲ್ಲ. 1999ರಲ್ಲೇ ಅವನ ಮೂತ್ರದಲ್ಲಿ ಕಾರ್ಟಿಸೋನ್ ಜಾತಿಯ ನಿಷೇಧಿತ ಔಷಧ ಕಂಡಿತ್ತು. ಸೀಟಿನ ಹುಣ್ಣಿಗೆ ಹಚ್ಚಿದ ಮುಲಾಮು ಅಂತ ಹಿಂದಿನ ತಾರೀಖು ಹಾಕಿದ ಡಾಕ್ಟರ್ ಚೀಟಿ ಬಂತು. ಸೈಕ್ಲಿಂಗ್ ನೋಡಿಕೊಳ್ಳುವ ಯುಸಿಐ ಅದನ್ನು ಒಪ್ಪಿಕೊಂಡಿತು! ಸೀಟಿನ ಹುಣ್ಣು ನಮಗೂ ಆಗಿದೆ, ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮರುದಿನ ತುಳಿದಿದ್ದೇವೆ. ಮುಂದೆ ಅದೇ ಸಂಸ್ಥೆಗೆ ಅವನು ಒಂದು ಲಕ್ಷ ಡಾಲರಿಗೂ ಜಾಸ್ತಿ ದೇಣಿಗೆ ಕೊಟ್ಟ. ತಪಾಸಣೆ ಮಾಡುವವರಿಗೆ, ತಪಾಸಣೆಗೆ ಒಳಗಾಗುವವನಿಂದ ದೇಣಿಗೆ. ಪೊಲೀಸ್ ಠಾಣೆಗೆ ಕಳ್ಳ ಫ್ಯಾನ್ ಕೊಡಿಸಿದ ಹಾಗೆ. ಕೊನೆಗೆ ಅವನನ್ನು ಕೆಡವಿದ್ದು ಜೊತೆಯಲ್ಲಿ ತುಳಿದ 11 ಜನರ ಸಾಕ್ಷಿ.

"ಬಾಯಿಗೆ ಹಾಕಿಕೊಂಡವನೇ ಹೊಣೆ, ರೂಲ್ಸ್ ಹಾಗೇ ಇದೆ" ಅಂತ ಕೆಲವರು ಬರುತ್ತೀರಿ. ಇದೆ, ಒಪ್ಪಿದೆ. ಇಲ್ಲದಿದ್ದರೆ ಎಲ್ಲರೂ "ನನಗೆ ಗೊತ್ತಿರಲಿಲ್ಲ" ಅಂತಾರೆ. ಕೋಚ್, ಡಾಕ್ಟರಿಗೂ ಶಿಕ್ಷೆ ಇದೆ ಅಂತಲೂ ಹೇಳುತ್ತೀರಿ. ಇದೆ. ಆರ್ಮ್‌ಸ್ಟ್ರಾಂಗ್ ಟೀಮಿನ ಮ್ಯಾನೇಜರ್ ಬ್ರೂನೀಲ್‌ಗೆ ಆಜೀವ ನಿಷೇಧ ಆಗಿದ್ದು 2018ರಲ್ಲಿ. ಜಗತ್ತೇ ನೋಡುತ್ತಿದ್ದ ಕೇಸಿಗೇ ಆರು ವರ್ಷ. ಬೋರ್ಡೇ ಇಲ್ಲದ ಜಿಮ್ಮಿನ ಅಣ್ಣಾರನ್ನು ದಿಲ್ಲಿಯಿಂದ ಹುಡುಕಿಕೊಂಡು ಯಾರು ಬರುತ್ತಾರೆ? ಯಾವ ಸಂಸ್ಥೆಯ ಲೆಟರ್‌ಹೆಡ್ಡಿನಲ್ಲೂ ಅಣ್ಣಾರಿಲ್ಲ, ಯಾರ ಲಿಸ್ಟಿನಲ್ಲೂ ಇಲ್ಲ.

ಇಷ್ಟೆಲ್ಲ ಆ ಹುಡುಗನಿಗೆ ಜೋರು ದನಿಯಲ್ಲಿ ಹೇಳುತ್ತಿದ್ದೆ. ಚಹಾದವನೂ ಕೈ ಕಟ್ಟಿ ಕೇಳುತ್ತಿದ್ದ. ಹುಡುಗ ಬಾಟಲಿಯ ಮುಚ್ಚಳ ಹಾಕಿ ಮೆಲ್ಲಗೆ ಕೇಳಿದ: "ನಿಮ್ಮ ಕಾಲಕ್ಕ ಇಂಥಾವು ಇರಲಿಲ್ಲೇನ್ರಿ ಸರ?"

ಇದ್ದವು. ಜಾತ್ರೆ ರೇಸಿನ ಹಿಂದಿನ ರಾತ್ರಿ ಒಬ್ಬರು ನನ್ನ ತೋಳಿಗೆ ಇಂಜೆಕ್ಷನ್ ಕೊಟ್ಟರು. ತಾಕತ್ತು ಬರ್ತೈತಿ ಅಂದರು. ನಾನು ತೋಳು ಮುಂದೆ ಮಾಡಿದೆ. ಏನು ಅಂತ ಕೇಳಲಿಲ್ಲ, ಮರುದಿನ ಗೆದ್ದ ಗಡಿಯಾರ ಈಗಲೂ ಅಡುಗೆಮನೆಯಲ್ಲಿ ಓಡುತ್ತಿದೆ. ಕೊಟ್ಟವರು ಇದೇ ಊರಿನಲ್ಲಿದ್ದಾರೆ, ಸಿಕ್ಕಾಗ ನಮಸ್ಕಾರ ಮಾಡುತ್ತೇನೆ. ಅವರ ಹೆಸರು ಇಲ್ಲಿಯೂ ಬರೆಯುತ್ತಿಲ್ಲ ನೋಡಿ.

ಹುಡುಗನಿಗೆ ಉತ್ತರ ಕೊಡಲಿಲ್ಲ. ಎರಡೂ ಚಹಾದ ದುಡ್ಡು ಕೊಟ್ಟು ಬಂದೆ.