ಬೈಲಕುಪ್ಪೆಗೆ ಬಸ್ಸಲ್ಲಿ ಹೋಗಿ ನೋಡಿ

ಮೊದಲೇ ಹೇಳಿಬಿಡ್ತೀನಿ. ಬೈಲಕುಪ್ಪೆಯಲ್ಲಿರುವ ಟಿಬೆಟಿಯನ್ನರ ಬೌದ್ಧ ದೇವಸ್ಥಾನ ಗೋಲ್ಡನ್ ಟೆಂಪಲ್ ಇರುವುದು ಕೊಡಗಿನಲ್ಲಲ್ಲ, ನಮ್ಮ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ. ಕಾವೇರಿ ದಾಟಿದರೆ ಕುಶಾಲನಗರ, ಕೊಡಗು ಶುರುವಾಗುವುದು ಅಲ್ಲಿಂದ. ಆದರೆ ಟೂರ್‌ನವರು ಇದನ್ನು 'ಕೂರ್ಗ್ ಪ್ಯಾಕೇಜ್'ಗೆ ಸೇರಿಸಿಬಿಟ್ಟಿದ್ದಾರೆ. ವ್ಯಾನಿಂದ ಇಳಿ, ಇಪ್ಪತ್ತು ನಿಮಿಷ ಸುತ್ತು, ನಾಲ್ಕು ಸೆಲ್ಫಿ, ಒಂದು ಪ್ಲೇಟ್ ಮೊಮೊ, ಮತ್ತೆ ಹತ್ತು. ನಾನೂ ಒಂದು ಸಲ ಗೆಳೆಯರ ಕಾರಲ್ಲಿ ಹಾಗೇ ನೋಡಿ ಬಂದವನು. ಈಗ ನೆನಪಿರುವುದು ಪಾರ್ಕಿಂಗ್ ಜಗಳ ಒಂದೇ.

ಮೊನ್ನೆ ಅಮ್ಮನ ಜೊತೆ ಬಸ್ಸಲ್ಲಿ ಹೋದೆ. ಮೈಸೂರಿನ ಸಬರ್ಬನ್ ಬಸ್ ಸ್ಟ್ಯಾಂಡಿನಲ್ಲಿ ಮಡಿಕೇರಿ ಬಸ್ಸು ಸುಲಭವಾಗಿ ಸಿಗುತ್ತೆ. ಎಂಬತ್ತು ಕಿಲೋಮೀಟರ್ ಚಿಲ್ಲರೆ, ಎರಡು ಗಂಟೆಗಿಂತ ಸ್ವಲ್ಪ ಜಾಸ್ತಿ. 2023ರ ಜೂನ್‌ನಿಂದ ಹೆಂಗಸರಿಗೆ ಫ್ರೀ ಅಲ್ವಾ, ಅಮ್ಮ ಆಧಾರ್ ಕಾರ್ಡನ್ನು ಪರ್ಸಿನಿಂದ ತೆಗೆದು ಕಂಡಕ್ಟರ್ ಬರುವ ಮುಂಚೆನೇ ಕೈಯಲ್ಲಿ ಹಿಡಿದು ಕೂತಿದ್ದರು. ದುಡ್ಡು ಕೊಟ್ಟು ಟಿಕೆಟ್ ತಗೊಂಡವನು ನಾನೊಬ್ಬನೇ. ಹುಣಸೂರು ದಾಟಿದರೆ ರಸ್ತೆಯ ಅಕ್ಕಪಕ್ಕ ಹೊಗೆಸೊಪ್ಪಿನ ಹೊಲ, ಸೊಪ್ಪು ಹದ ಮಾಡುವ ಎತ್ತರದ ಬ್ಯಾರನ್ ಮನೆಗಳು. ಕಾರಲ್ಲಿ ಏಸಿ ಹಾಕಿಕೊಂಡು ಹೋದಾಗ ಆ ಸೊಪ್ಪು ಬೇಯಿಸುವ ವಾಸನೆ ನನಗೆ ಬಂದೇ ಇರಲಿಲ್ಲ.

ಒಂದು ಎಚ್ಚರಿಕೆ. ಹೆಸರು ನೋಡಿ ಬೈಲಕುಪ್ಪೆ ಸ್ಟಾಪಲ್ಲಿ ಇಳಿಯಬೇಡಿ. ನಾನು ಇಳಿದೆ, ಬಿಸಿಲಲ್ಲಿ ಅಮ್ಮನ ಹತ್ತಿರ ಬೈಸಿಕೊಂಡೆ. ದೇವಸ್ಥಾನಕ್ಕೆ ಹತ್ತಿರ ಕೊಪ್ಪ ಗೇಟು. ಎಕ್ಸ್‌ಪ್ರೆಸ್ ಬಸ್ಸು ಅಲ್ಲಿ ನಿಲ್ಲಿಸದಿದ್ದರೆ ಕುಶಾಲನಗರದಲ್ಲೇ ಇಳಿದು ಆಟೋ ಹತ್ತಿ.

ಆ ಬೈಗುಳದಿಂದ ಒಂದು ಲಾಭವೂ ಆಯ್ತು. ಕೊನೆಗೆ ಸಿಕ್ಕ ಶೇರ್ ಆಟೋದಲ್ಲಿ ಒಬ್ಬರು ವಯಸ್ಸಾದ ಟಿಬೆಟಿಯನ್ ಹೆಂಗಸು ಕೂತಿದ್ದರು. ಕಾಲಿನ ತನಕ ಇಳಿದ ಕಂದು ಚುಪಾ (ಟಿಬೆಟಿಯನ್ ಉಡುಪು), ಎಡಗೈಯಲ್ಲಿ ಜಪಮಾಲೆ, ಬಲಗೈಯಲ್ಲಿ ಸೊಪ್ಪಿನ ಚೀಲ. "ಬನ್ನಿ ಅಕ್ಕ, ಜಾಗ ಇದೆ" ಅಂದರು. ಪಕ್ಕಾ ನಮ್ಮ ಕಡೆ ಕನ್ನಡ. ಅಮ್ಮನಿಗೆ ಅಷ್ಟು ಸಾಕಾಯ್ತು. ಚಳಿಗಾಲದಲ್ಲಿ ಮೈಸೂರಿಗೆ ಸ್ವೆಟರ್ ಮಾರೋಕೆ ಬರ್ತಿದ್ರಾ ಅಂತ ಕೇಳಿದರು. ಬರ್ತಿದ್ದರಂತೆ. ಆಮೇಲೆ ಇಬ್ಬರ ಮಾತೂ ಮುಸುಕಿನ ಜೋಳದ ರೇಟಿಗೆ ಹೋಯ್ತು. ನನ್ನನ್ನು ಯಾರೂ ಕೇಳಲಿಲ್ಲ.

ದೇವಸ್ಥಾನದ ಒಳಗೆ ಹೋದ ತಕ್ಷಣ ತಲೆ ತಾನಾಗಿ ಮೇಲೆ ಹೋಗುತ್ತೆ. ನಡುವೆ ಶಾಕ್ಯಮುನಿ ಬುದ್ಧ, 60 ಅಡಿ. ಆಚೀಚೆ ಗುರು ಪದ್ಮಸಂಭವ, ದೀರ್ಘಾಯುಷ್ಯದ ಬುದ್ಧ ಅಮಿತಾಯುಸ್. ಮೂರಕ್ಕೂ ಚಿನ್ನದ ಲೇಪ. ಅಮ್ಮ ಕೈಮುಗಿದು ನಿಂತವರು, "ಎಷ್ಟು ಹಳೇದಪ್ಪ ಇದು?" ಅಂದರು. 1999ರಲ್ಲಿ ಉದ್ಘಾಟನೆ ಆಗಿದ್ದು ಅಂದೆ. "ಅಯ್ಯೋ, ನಿನಗಿಂತ ಚಿಕ್ಕದು!" ಅಂತ ನಕ್ಕರು.

ನಿಜ, ಹಳೇಬೀಡಿನ ಲೆಕ್ಕದಲ್ಲಿ ಇದು ಮಗು. ಆದರೆ ಚರಿತ್ರೆ ಅಂದ್ರೆ ಕಲ್ಲಿನ ವಯಸ್ಸು ಮಾತ್ರನಾ? 1959ರಲ್ಲಿ ದಲೈ ಲಾಮಾ ಟಿಬೆಟ್ ಬಿಟ್ಟು ಬಂದರು. ಅವರ ಹಿಂದೆ ಬಂದವರಿಗೆ ನೆಲೆ ಬೇಕಿತ್ತು. ಆಗಿನ ಮೈಸೂರು ರಾಜ್ಯ ಇಲ್ಲಿ ಸುಮಾರು 3,000 ಎಕರೆ ಜಾಗ ಕೊಟ್ಟಿತು. ಕಾಡು ಕಡಿದು, ಆನೆ ಕಾಟ ಸಹಿಸಿ 1961ರಲ್ಲಿ ಕ್ಯಾಂಪು ಶುರುವಾಯ್ತು. ಟಿಬೆಟಿಯನ್ ಗುರು ಪೆನೋರ್ ರಿಂಪೋಚೆ 1963ರಲ್ಲಿ, ಈಗ ಈ ದೇವಸ್ಥಾನ ಇರುವ ನಾಮ್‌ಡ್ರೋಲಿಂಗ್ ಮಠ ಕಟ್ಟಿದಾಗ ಅದು ಬಿದಿರಿನ ಸಣ್ಣ ಗುಡಿ. ಆ ಗುಡಿಯನ್ನು ಕಂಡ ಜನ ಇನ್ನೂ ಈ ಊರಲ್ಲಿ ಇರಬಹುದು. ಹಳೇಬೀಡಲ್ಲಿ ಆ ಭಾಗ್ಯ ಇಲ್ಲ.

ನನಗೆ ಕೋಪ ಬಂದಿದ್ದು ರೀಲ್ಸ್ ನೋಡಿ. ಪೂಜೆ ನಡೀತಿದೆ, ಉದ್ದನೆಯ ಕಹಳೆ ಊದಿದರೆ ನೆಲ ನಡುಗುತ್ತೆ, ಸಾಲಾಗಿ ಕೂತ ಚಿಕ್ಕ ಹುಡುಗರು ಮಂತ್ರ ಹೇಳ್ತಿದ್ದಾರೆ. ಅವರ ಮುಖಕ್ಕೇ ಫೋನ್ ಹಿಡಿದು ಒಬ್ಬ ಡ್ಯಾನ್ಸ್ ಮಾಡ್ತಿದ್ದ. ನಿಮ್ಮೂರ ದೇವಸ್ಥಾನದಲ್ಲಿ ಹೀಗೆ ಮಾಡ್ತೀರಾ ಸ್ವಾಮಿ?

ಸಮಯ ಇದ್ದರೆ ಬೈಲಕುಪ್ಪೆಯಲ್ಲೇ ಇರುವ ಸೆರಾ ಮಠಕ್ಕೂ ಹೋಗಿ. ಮೂಲ ಮಠ ಟಿಬೆಟಿನ ಲಾಸಾದ ಹತ್ತಿರ, 1419ರದ್ದು. ಇಲ್ಲಿ ಸಂಜೆ ಹೊತ್ತು ಸನ್ಯಾಸಿಗಳು ಚರ್ಚೆಗೆ ಇಳಿಯುತ್ತಾರೆ. ಒಬ್ಬ ಕೂತಿರ್ತಾನೆ, ಎದುರಿಗೆ ನಿಂತವನು ಪ್ರಶ್ನೆ ಎಸೆದು, ಎಡಗಾಲು ನೆಲಕ್ಕೆ ಕುಟ್ಟಿ, ಕೈ ಮೇಲೆ ಕೈ ಹೊಡೀತಾನೆ. ಚಟೀರ್! ಮೊದಲ ಸಲ ನೋಡಿದವರು ಜಗಳ ಬಿಡಿಸೋರು ಯಾರೂ ಇಲ್ವಾ ಅಂದುಕೊಳ್ಳಬೇಕು. ಈ ಸಲ ಅದಕ್ಕೆ ಹೊತ್ತಿರಲಿಲ್ಲ. ಅಮ್ಮನಿಗೆ ಟಿಬೆಟಿಯನ್ನರ ಉಪ್ಪು-ಬೆಣ್ಣೆ ಟೀ ಕುಡಿಸಿದೆ, ಮಜ್ಜಿಗೆ ಕಾಯಿಸಿದ ಹಾಗಿದೆ ಅಂತ ಅರ್ಧಕ್ಕೆ ಬಿಟ್ಟರು.

ವಾಪಸ್ ಬರುವಾಗ ಕುಶಾಲನಗರದ ಸ್ಟ್ಯಾಂಡಿಗೇ ಹೋಗಿ ಹತ್ತಿದ್ದರೆ ಸೀಟು ಸಿಗ್ತಿತ್ತು. ಸೋಮಾರಿತನಕ್ಕೆ ಕೊಪ್ಪದಲ್ಲೇ ಕೈ ತೋರಿಸಿದೆ. ಬಸ್ಸು ತುಂಬಿತ್ತು. ಕೆಂಪು ಬಟ್ಟೆಯ ಒಬ್ಬ ಹುಡುಗ ಸನ್ಯಾಸಿ ಎದ್ದು, "ಕೂತ್ಕೊಳಿ ಅಜ್ಜಿ" ಅಂತ ಜಾಗ ಬಿಟ್ಟ. ಅಮ್ಮ ಕೂತರು. ಆದರೆ ಪಿರಿಯಾಪಟ್ಟಣ ಬರೋವರೆಗೂ ಗೊಣಗ್ತಾನೇ ಇದ್ದರು, ಆ ಹೆಂಗಸು ಅಕ್ಕ ಅಂದಿದ್ದರು, ಈ ಹುಡುಗನಿಗೆ ನಾನು ಅಜ್ಜಿ ಥರ ಕಾಣ್ತೀನಾ ಅಂತ.