ಸ್ಪಷ್ಟನೆ: ತಾಯಂದಿರ ಸಭೆಯಿಂದ ಮಕ್ಕಳು ಎತ್ತರವಾದರೇ?

‘ಜಾರ್ಖಂಡ್‌ನಲ್ಲಿ ತಾಯಂದಿರು ಸಭೆ ಸೇರಿ ಮಾತನಾಡಿದ್ದರಿಂದಲೇ ಮಕ್ಕಳ ಕುಂಠಿತ ಬೆಳವಣಿಗೆ ನಿಂತುಹೋಯಿತು, ಇನ್ನು ಅಂಗನವಾಡಿಯ ಖರ್ಚು ಏಕೆ?’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದರ ಮೊದಲ ಅರ್ಧವೇ ತಪ್ಪು.

ಸಂದೇಶ ನೆಚ್ಚಿಕೊಂಡಿರುವುದು ಏಕ್‌ಜುಟ್ ಎಂಬ ಸ್ವಯಂಸೇವಾ ಸಂಸ್ಥೆಯು ಜಾರ್ಖಂಡ್‌ನ ಪಶ್ಚಿಮ ಸಿಂಹಭೂಮ್ ಮತ್ತು ಒಡಿಶಾದ ಕೆಂದುಝರ್ ಜಿಲ್ಲೆಗಳಲ್ಲಿ ನಡೆಸಿದ, 2017ರಲ್ಲಿ ಪ್ರಕಟವಾದ ಅಧ್ಯಯನವನ್ನು. ಅಲ್ಲಿ ನಡೆದದ್ದು ತಿಂಗಳ ಸಭೆಯಷ್ಟೇ ಅಲ್ಲ. ತರಬೇತಿ ಪಡೆದ ಸ್ಥಳೀಯ ಕಾರ್ಯಕರ್ತೆ ಗರ್ಭಿಣಿಯರ, ಎಳೆಯ ಮಕ್ಕಳ ಮನೆಗಳಿಗೂ ಹೋಗುತ್ತಿದ್ದರು. ಕುಂಠಿತ ಬೆಳವಣಿಗೆ ಎಂದರೆ ವಯಸ್ಸಿಗೆ ತಕ್ಕ ಎತ್ತರ ಇಲ್ಲದಿರುವುದು. ಆದರೂ ಇವೆರಡೂ ಇಲ್ಲದ ಹಳ್ಳಿಗಳಿಗೆ ಹೋಲಿಸಿದರೆ 18 ತಿಂಗಳ ಮಕ್ಕಳ ಎತ್ತರದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ಹಾಗೆಂದು ಎಲ್ಲವೂ ವ್ಯರ್ಥ ಎನ್ನುವವರದು ಇನ್ನೊಂದು ದುಡುಕು. ಗರ್ಭಿಣಿಯರ ಮತ್ತು ಮಕ್ಕಳ ತಟ್ಟೆಗೆ ಹೆಚ್ಚು ಬಗೆಯ ಆಹಾರ ಬಂತು, ಮಗುವಿಗೆ ಉಣಿಸುವ ಮುನ್ನ ಕೈ ತೊಳೆಯುವ ತಾಯಂದಿರು ಹೆಚ್ಚಿದರು, ಕಡಿಮೆ ತೂಕದ ಮಕ್ಕಳ ಪ್ರಮಾಣ ಇಳಿಯಿತು. ಶಿಶುಮರಣವೂ ತಗ್ಗಿತು. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಸುದ್ದಿ ಇದೇ. ಸಂದೇಶ ಬರೆದ ಪುಣ್ಯಾತ್ಮರ ಕಣ್ಣಿಗೆ ಮಾತ್ರ ಅದು ಬೀಳಲಿಲ್ಲ!

ಇನ್ನು ಅಂಗನವಾಡಿ ಬೇಡ ಎಂದು ಅಧ್ಯಯನ ಹೇಳಿಯೇ ಇಲ್ಲ. ಸಭೆಗಳೂ ಮನೆಭೇಟಿಗಳೂ ಅಂಗನವಾಡಿಯ ಜೊತೆಗೆ ಸೇರಿದವೇ ಹೊರತು ಅದರ ಜಾಗಕ್ಕೆ ಬಂದವಲ್ಲ.